ಸಿ ಡ್ರೈವಲ್ಲಿ ಡಾಲರ್ ಚಿಹ್ನೆಯ ಫೋಲ್ಡರ್‌ಗಳು ಕಾಣಿಸ್ತಿವೆ, ಅಳಿಸಿಬಿಡ್ಲಾ?

ಪ್ರಶ್ನೆ: ಮಗಳ ಕಾಲೇಜಿಗೆ ಅಂತ ತಗೊಂಡ ಲ್ಯಾಪ್‌ಟಾಪ್ ಸರ್, ವಿಂಡೋಸ್ 11, 8 ಜಿಬಿ ರ‍್ಯಾಮ್, 256 ಜಿಬಿ ಎಸ್‌ಎಸ್‌ಡಿ. ಸಿ ಡ್ರೈವ್ ಕೆಂಪಾಗಿಬಿಟ್ಟಿದೆ. ಒಂದು ವಿಡಿಯೋ ನೋಡ್ಕೊಂಡು ಹಿಡನ್ ಫೈಲ್ಸ್ ಎಲ್ಲಾ ಕಾಣೋ ಹಾಗೆ ಮಾಡಿದೆ, ಈಗ ಏನೇನೋ ಕಾಣ್ತಿದೆ. ಡಾಲರ್ ರಿಸೈಕಲ್ ಡಾಟ್ ಬಿನ್, ಡಾಲರ್ ವಿನ್‌ಆರ್‌ಇ ಏಜೆಂಟ್, ಸಿಸ್ಟಮ್ ವಾಲ್ಯೂಮ್ ಇನ್ಫರ್ಮೇಶನ್, ಪರ್ಫ್‌ಲಾಗ್ಸ್, ಐನೆಟ್‌ಪಬ್, ವಿಂಡೋಸ್ ಡಾಟ್ ಓಲ್ಡ್, ಡಾಕ್ಯುಮೆಂಟ್ಸ್ ಅಂಡ್ ಸೆಟ್ಟಿಂಗ್ಸ್. ಕೆಲವು ಓಪನ್ ಮಾಡಿದ್ರೆ ಆಕ್ಸೆಸ್ ಡಿನೈಡ್ ಅನ್ನತ್ತೆ. ನಮ್ಮ ಭಾವ ಇವೆಲ್ಲಾ ವೈರಸ್, ಪರ್ಮಿಷನ್ ತಗೊಂಡು ಡಿಲೀಟ್ ಹೊಡಿ ಅಂತಾರೆ. ಮಗಳ ಪೆನ್‌ಡ್ರೈವಲ್ಲೂ ಇಂಥದೇ ಒಂದು ಫೋಲ್ಡರ್ ಇದೆ. ಏನ್ ಮಾಡ್ಲಿ?

ಉತ್ತರ: ಇನ್ನೂ ಏನೂ ಡಿಲೀಟ್ ಮಾಡಿಲ್ಲ ಅಂತ ಅಂದ್ಕೊಂಡು ಬರೀತಿದ್ದೀನಿ, ಮಾಡದೆ ಕೇಳಿದ್ರಲ್ಲ ಅದು ಬಹಳ ಒಳ್ಳೇದಾಯ್ತು. ನೀವು ಹೇಳಿರೋ ಪಟ್ಟೀಲಿ ಒಂದೂ ವೈರಸ್ ಹೆಸರಲ್ಲ, ಎಲ್ಲಾ ವಿಂಡೋಸೇ ತನ್ನ ಕೆಲಸಕ್ಕೆ ಇಟ್ಕೊಂಡಿರೋದು. ಆದ್ರೆ "ವೈರಸ್ ಅಲ್ಲ" ಅಂದ ಮಾತ್ರಕ್ಕೆ ಎಲ್ಲಾ ಒಂದೇ ಥರ ಅಂತಲ್ಲ, ಅದರಲ್ಲಿ ಒಂದು ಹತ್ತಿಪ್ಪತ್ತು ಜಿಬಿ ತಿಂತಿರಬಹುದು, ಇನ್ನೊಂದು ಸೊನ್ನೆ ಬೈಟ್ ಇದ್ರೂ ಮುಟ್ಟಬಾರದು, ಹಾಗಾಗಿ ಒಂದೊಂದಾಗಿ ನೋಡೋಣ.

ಮೊದಲು ಇವು ಇದ್ದಕ್ಕಿದ್ದ ಹಾಗೆ ಯಾಕೆ ಕಂಡ್ವು ಅಂತ ಹೇಳ್ಬಿಡ್ತೀನಿ. ವಿಂಡೋಸಲ್ಲಿ ಮುಚ್ಚಿಡೋದಕ್ಕೆ ಎರಡು ಪರದೆ ಇದೆ. ಹಿಡನ್ ಐಟಮ್ಸ್ ಅನ್ನೋದು ಮೊದಲನೇದು, ಅದನ್ನ ಸರಿಸಿದ್ರೆ ಆಪ್‌ಡೇಟಾ, ಪ್ರೋಗ್ರಾಮ್‌ಡೇಟಾ ಥರದವು, ಅಂದ್ರೆ ಪ್ರೋಗ್ರಾಮ್‌ಗಳು ತಮ್ಮ ಸಾಮಾನು ಇಟ್ಕೊಳ್ಳೋ ಫೋಲ್ಡರ್‌ಗಳು ಕಾಣತ್ವೆ. ಎರಡನೇದು ಫೋಲ್ಡರ್ ಆಪ್ಷನ್ಸ್ ಒಳಗಿರೋ "ಹೈಡ್ ಪ್ರೊಟೆಕ್ಟೆಡ್ ಆಪರೇಟಿಂಗ್ ಸಿಸ್ಟಮ್ ಫೈಲ್ಸ್" ಅನ್ನೋ ಟಿಕ್, ಅದನ್ನ ತೆಗೆಯೋವಾಗ ವಿಂಡೋಸ್ ಒಂದು ಎಚ್ಚರಿಕೆ ಕೂಡ ತೋರ್ಸತ್ತೆ, ವಿಡಿಯೋದವರು ಯೆಸ್ ಒತ್ತಿ ಅಂದಿರ್ತಾರೆ ನೀವು ಒತ್ತಿರ್ತೀರ. ಸಿಸ್ಟಮ್ ವಾಲ್ಯೂಮ್ ಇನ್ಫರ್ಮೇಶನ್, ಡಾಲರ್ ರಿಸೈಕಲ್ ಬಿನ್ ಇವೆಲ್ಲಾ ಆ ಎರಡನೇ ಪರದೆ ಹಿಂದೆ ಇರೋವು. ಅಂದ್ರೆ ಇವು ಹೊಸದಾಗಿ ಬಂದು ಸೇರ್ಕೊಂಡಿರೋದಲ್ಲ, ಲ್ಯಾಪ್‌ಟಾಪ್ ಮನೆಗೆ ಬಂದ ದಿನದಿಂದ ಬಹುಪಾಲು ಅಲ್ಲೇ ಇದ್ವು.

ಡಾಲರ್ ರಿಸೈಕಲ್ ಬಿನ್ ಅಂದ್ರೆ ನಿಮ್ಮ ಡೆಸ್ಕ್‌ಟಾಪ್ ಮೇಲಿರೋ ಕಸದ ಬುಟ್ಟಿನೇ, ಅಷ್ಟೇ. ಪ್ರತಿ ಡ್ರೈವಿಗೂ ಒಂದೊಂದು ಇರತ್ತೆ, ಒಳಗೆ ಪ್ರತಿ ಯೂಸರ್‌ಗೂ ಎಸ್-1-5-21 ಅಂತ ಶುರುವಾಗೋ ಉದ್ದ ನಂಬರಿನ ಒಂದೊಂದು ಕೋಣೆ ಇರತ್ತೆ, ಆ ನಂಬರ್ ನೋಡಿ ಸುಮಾರು ಜನ ಹೆದರ್ತಾರೆ, ಅದು ನಿಮ್ಮ ಅಕೌಂಟಿನ ಗುರುತಿನ ಸಂಖ್ಯೆ. ಫೋಲ್ಡರ್ ಅಳಿಸೋ ಬದಲು ಡೆಸ್ಕ್‌ಟಾಪಿಂದ ರಿಸೈಕಲ್ ಬಿನ್ ಎಂಪ್ಟಿ ಮಾಡಿ, ಒಳಗಿನ ಜಾಗ ವಾಪಸ್ ಬರತ್ತೆ.

ಸಿಸ್ಟಮ್ ವಾಲ್ಯೂಮ್ ಇನ್ಫರ್ಮೇಶನ್ ಒಳಗೆ ಮುಖ್ಯವಾಗಿ ರೀಸ್ಟೋರ್ ಪಾಯಿಂಟ್‌ಗಳು ಇರತ್ವೆ. ನಾಳೆ ಒಂದು ಡ್ರೈವರ್ ಹಾಕಿ ಸ್ಕ್ರೀನ್ ಕೆಟ್ಟುಹೋಯ್ತು ಅಂದ್ರೆ ನಿನ್ನೆಯ ಸ್ಥಿತಿಗೆ ವಾಪಸ್ ಹೋಗೋದು ಇದರಿಂದಲೇ. ಇದರ ಮಾಲೀಕ ಸಿಸ್ಟಮ್ ಅನ್ನೋ ಖಾತೆ, ನೀವು ಅಡ್ಮಿನಿಸ್ಟ್ರೇಟರ್ ಆಗಿದ್ರೂ ನೇರವಾಗಿ ಒಳಗೆ ಬಿಡಲ್ಲ, ಹಾಗಾಗೇ ಆಕ್ಸೆಸ್ ಡಿನೈಡ್. ಇದು ಜಾಸ್ತಿ ಜಾಗ ತಿಂತಿದೆ ಅನ್ಸಿದ್ರೆ ಸ್ಟಾರ್ಟ್ ಮೆನುವಲ್ಲಿ ಕ್ರಿಯೇಟ್ ಎ ರೀಸ್ಟೋರ್ ಪಾಯಿಂಟ್ ಅಂತ ಹುಡುಕಿ, ಸಿ ಡ್ರೈವ್ ಸೆಲೆಕ್ಟ್ ಮಾಡಿ ಕಾನ್ಫಿಗರ್ ಒತ್ತಿ, ಅಲ್ಲಿ ಮ್ಯಾಕ್ಸ್ ಯೂಸೇಜ್ ಅಂತ ಒಂದು ಪಟ್ಟಿ ಇದೆ, ಎಳೆದು ಕಮ್ಮಿ ಮಾಡ್ಬಹುದು. ಪೂರ್ತಿ ಆಫ್ ಮಾಡ್ಬೇಡಿ ಅಂತ ನನ್ನ ಸಲಹೆ, ಒಂದೆರಡು ಜಿಬಿ ಆದ್ರೂ ಬಿಡಿ.

ಮಗಳ ಪೆನ್‌ಡ್ರೈವಲ್ಲಿ ಕಂಡಿದ್ದೂ ಬಹುಶಃ ಇದೇ ಫೋಲ್ಡರ್. ವಿಂಡೋಸಿಗೆ ಚುಚ್ಚಿದ ಪೆನ್‌ಡ್ರೈವಲ್ಲಿ ಇದು ಹುಟ್ಕೊಳತ್ತೆ, ಒಳಗೆ ಇಂಡೆಕ್ಸಿಂಗಿಗೆ ಅಂತ ಒಂದೆರಡು ಪುಟಾಣಿ ಫೈಲ್ ಇರತ್ತೆ, ಟಿವಿಗೋ ಕಾರಿನ ಸ್ಟೀರಿಯೋಗೋ ಹಾಕಿದಾಗ ಹಾಡುಗಳ ಜೊತೆ ಇದರ ಹೆಸರೂ ಬರತ್ತೆ. ಅಳಿಸಿದ್ರೂ ತೊಂದ್ರೆ ಇಲ್ಲ, ಮತ್ತೆ ಬರತ್ತೆ, ಸುಮ್ನೆ ಬಿಟ್ಬಿಡಿ.

ಡಾಲರ್ ವಿನ್‌ಆರ್‌ಇ ಏಜೆಂಟ್ ಅಪ್‌ಡೇಟ್ ಟೈಮಲ್ಲಿ ಹುಟ್ಟೋದು. ವಿಂಡೋಸ್ ಬೂಟ್ ಆಗದೆ ಇದ್ದಾಗ ಒಂದು ನೀಲಿ ಸ್ಕ್ರೀನಲ್ಲಿ ರಿಪೇರಿ ಮೆನು ಬರತ್ತಲ್ಲ, ಆ ರಿಕವರಿ ವ್ಯವಸ್ಥೆಯನ್ನ ಅಪ್‌ಡೇಟ್ ಮಾಡೋವಾಗ ಬಳಸೋ ಕೆಲಸದ ಜಾಗ ಇದು, ಮನೆ ಕಟ್ಟೋವಾಗ ಹಾಕೋ ಸಾರ್ವೆ ಇದ್ದ ಹಾಗೆ. ಸಾಮಾನ್ಯವಾಗಿ ಒಳಗೆ ಏನೂ ಇರಲ್ಲ ಅಥವಾ ಸ್ವಲ್ಪ ಇರತ್ತೆ. ಅಪ್‌ಡೇಟ್ ನಡೀತಿರೋವಾಗ ಮಾತ್ರ ಮುಟ್ಟಲೇಬೇಡಿ. ಡಾಲರ್ ವಿಂಡೋಸ್ ಡಾಟ್ ಟಿಲ್ಡ ಬಿಟಿ ಅಂತ ಒಂದು ಕಂಡ್ರೆ ಅದೂ ಇದೇ ಜಾತಿ, ದೊಡ್ಡ ಅಪ್‌ಗ್ರೇಡಿಗೆ ಇಳಿಸ್ಕೊಂಡ ಸಾಮಾನು, ಅದು ಮಾತ್ರ ಕೆಲವು ಜಿಬಿ ಇರಬಹುದು, ಅದನ್ನ ತೆಗೆಯೋ ದಾರಿ ಕೆಳಗೆ ಹೇಳ್ತೀನಿ. ಪರ್ಫ್‌ಲಾಗ್ಸ್ ಅನ್ನೋದು ಪರ್ಫಾರ್ಮೆನ್ಸ್ ಮಾನಿಟರ್ ದಾಖಲೆ ಬರೆಯೋ ಜಾಗ, ಮನೆ ಕಂಪ್ಯೂಟರಲ್ಲಿ ಖಾಲಿ, ಅದರಿಂದ ನಿಮಗೆ ಒಂದು ಎಂಬಿ ಕೂಡ ಸಿಗಲ್ಲ.

ಈಗ ಐನೆಟ್‌ಪಬ್. ಇದಕ್ಕೆ ಸ್ವಲ್ಪ ಜಾಸ್ತಿ ಹೊತ್ತು ಕೊಡ್ತೀನಿ ಯಾಕಂದ್ರೆ ಈ ಒಂದು ಫೋಲ್ಡರ್ ಬಗ್ಗೆ ತಿಳಿದವರೇ ತಪ್ಪು ಸಲಹೆ ಕೊಟ್ಟಿದ್ದನ್ನ ನೋಡಿದ್ದೀನಿ. ಐನೆಟ್‌ಪಬ್ ಮೂಲದಲ್ಲಿ ಐಐಎಸ್ ಅನ್ನೋ ಮೈಕ್ರೋಸಾಫ್ಟಿನ ವೆಬ್ ಸರ್ವರ್ ತನ್ನ ಫೈಲ್ ಇಡೋ ಜಾಗ, ಮನೆ ಲ್ಯಾಪ್‌ಟಾಪಲ್ಲಿ ಆ ಸರ್ವರ್ ಆನ್ ಇರೋದೇ ಇಲ್ಲ. ಆದ್ರೆ 2025ರ ಏಪ್ರಿಲ್ ಅಪ್‌ಡೇಟ್ ಆದ ತಕ್ಷಣ ಪ್ರಪಂಚದಲ್ಲೆಲ್ಲಾ ವಿಂಡೋಸ್ ಕಂಪ್ಯೂಟರ್‌ಗಳ ಸಿ ಡ್ರೈವಲ್ಲಿ ಖಾಲಿ ಐನೆಟ್‌ಪಬ್ ಪ್ರತ್ಯಕ್ಷ ಆಯ್ತು. ಸೊನ್ನೆ ಬೈಟ್, ಒಳಗೆ ಏನಿಲ್ಲ, ಸರ್ವರೂ ಇಲ್ಲ, ಹಾಗಿದ್ಮೇಲೆ ಯಾಕೆ ಅಂತ ಜನ ಡಿಲೀಟ್ ಮಾಡಿದ್ರು, ಮಾಡಿದ್ರೆ ಮೇಲ್ನೋಟಕ್ಕೆ ಏನೂ ಆಗಲ್ಲ ಬೇರೆ. ಆಮೇಲೆ ಮೈಕ್ರೋಸಾಫ್ಟ್ ಸ್ಪಷ್ಟವಾಗಿ ಹೇಳ್ತು, ಇದನ್ನ ಅಳಿಸ್ಬೇಡಿ, ಐಐಎಸ್ ಇರಲಿ ಬಿಡಲಿ ಇದು ಇರಬೇಕು, ಇದು ಒಂದು ಸೆಕ್ಯೂರಿಟಿ ಲೋಪ ಮುಚ್ಚೋದಕ್ಕೆ ಮಾಡಿರೋ ಬದಲಾವಣೆಯ ಭಾಗ ಅಂತ. ಸಿವಿಇ-2025-21204 ಅನ್ನೋದು ಆ ಲೋಪದ ನಂಬರ್. ವಿಂಡೋಸ್ ಅಪ್‌ಡೇಟ್ ಒಂದು ಫೋಲ್ಡರ್ ಹುಡುಕ್ಕೊಂಡು ಹೋಗೋವಾಗ, ಕಂಪ್ಯೂಟರ್ ಒಳಗೆ ಆಗ್ಲೇ ಸ್ವಲ್ಪ ಕಾಲಿಟ್ಟಿರೋ ಒಬ್ಬ ಕಳ್ಳ ಆ ದಾರೀಲಿ ತನ್ನ ಲಿಂಕ್ ಇಟ್ಟು ಬೇರೆ ಕಡೆ ತಿರುಗಿಸಿ, ಸಿಸ್ಟಮ್ ಮಟ್ಟದ ಅಧಿಕಾರ ಪಡ್ಕೊಳ್ಳೋಕೆ ಆಗ್ತಿತ್ತು. ಈಗ ಸಿಸ್ಟಮೇ ಮೊದಲು ಆ ಜಾಗದಲ್ಲಿ ತನ್ನ ಹೆಸರಲ್ಲಿ ಫೋಲ್ಡರ್ ಮಾಡಿ ಕೂತಿದೆ, ಬಸ್ಸಲ್ಲಿ ಸೀಟಿಗೆ ಟವಲ್ ಹಾಕಿದ ಹಾಗೆ ಅಂದ್ಕೊಳ್ಳಿ, ಟವಲ್ ಖಾಲಿ ಅಂತ ಎತ್ತಿ ಬಿಸಾಕಿದ್ರೆ ಸೀಟ್ ಹೋಯ್ತು. ಯಾರಾದ್ರೂ ಇದನ್ನ ಓದೋ ಮುಂಚೆನೇ ಅಳಿಸಿದ್ರೆ ಗಾಬರಿ ಬೇಡ, ಟರ್ನ್ ವಿಂಡೋಸ್ ಫೀಚರ್ಸ್ ಆನ್ ಆರ್ ಆಫ್ ಅನ್ನೋ ಕಡೆ ಹೋಗಿ ಇಂಟರ್‌ನೆಟ್ ಇನ್ಫರ್ಮೇಶನ್ ಸರ್ವಿಸಸ್ ಟಿಕ್ ಮಾಡಿ ಓಕೆ ಒತ್ತಿದ್ರೆ ಸರಿಯಾದ ಮಾಲೀಕತ್ವದ ಜೊತೆ ಫೋಲ್ಡರ್ ವಾಪಸ್ ಬರತ್ತೆ, ಆಮೇಲೆ ಐಐಎಸ್ ಬೇಡ ಅಂದ್ರೆ ಅದನ್ನ ಅಲ್ಲೇ ಆಫ್ ಮಾಡಿ ರೀಸ್ಟಾರ್ಟ್ ಮಾಡಿ. ನೀವೇ ರೈಟ್ ಕ್ಲಿಕ್ ಮಾಡಿ ನ್ಯೂ ಫೋಲ್ಡರ್ ಅಂತ ಅದೇ ಹೆಸರಲ್ಲಿ ಮಾಡಿಟ್ರೆ ಅದು ಅದೇ ಅಲ್ಲ, ಮಾಲೀಕರು ಬೇರೆ ಆಗ್ತಾರೆ.

ಈ ಮಾಲೀಕರು ಅನ್ನೋ ಮಾತಿಗೇ ಬರ್ತೀನಿ. ಗೊತ್ತಿಲ್ಲದ ಫೋಲ್ಡರ್ ಕಂಡಾಗ ಹೆಸರು ನೋಡಿ ತೀರ್ಮಾನ ಮಾಡ್ಬೇಡಿ, ಇದನ್ನ ಇಲ್ಲಿ ಇಟ್ಟೋರು ಯಾರು ಅಂತ ಕೇಳಿ, ಇಟ್ಟೋರ ಕೈಲೇ ತೆಗೆಸಿ. ರೈಟ್ ಕ್ಲಿಕ್, ಪ್ರಾಪರ್ಟೀಸ್, ಸೆಕ್ಯೂರಿಟಿ, ಅಡ್ವಾನ್ಸ್ಡ್, ಅಲ್ಲಿ ಮೇಲ್ಗಡೆ ಓನರ್ ಅಂತ ಇರತ್ತೆ. ಸಿಸ್ಟಮ್ ಅಂತಲೋ ಟ್ರಸ್ಟೆಡ್‌ಇನ್‌ಸ್ಟಾಲರ್ ಅಂತಲೋ ಇದ್ರೆ ಸಾಮಾನ್ಯವಾಗಿ ಅದು ವಿಂಡೋಸಿನ ಆಸ್ತಿ. ಆಮೇಲೆ ಕ್ರಿಯೇಟೆಡ್ ದಿನಾಂಕ ನೋಡಿ, ಅದನ್ನ ಸೆಟ್ಟಿಂಗ್ಸ್ ಒಳಗಿರೋ ಅಪ್‌ಡೇಟ್ ಹಿಸ್ಟರಿ ಜೊತೆ ಹೋಲಿಸಿ, ಅದೇ ದಿನ ಒಂದು ಅಪ್‌ಡೇಟ್ ಆಗಿದ್ರೆ ಕಥೆ ಅರ್ಧ ಬಗೆಹರೀತು. ನಿಮ್ಮ ಭಾವ ಹೇಳಿದ ಪರ್ಮಿಷನ್ ತಗೊಳೋದು ಅಂದ್ರೆ ಟೇಕ್ ಓನರ್‌ಶಿಪ್, ಅದನ್ನ ದಯವಿಟ್ಟು ಮಾಡ್ಬೇಡಿ. ಅವರು ಒಳ್ಳೇ ಮನಸಿಂದಲೇ ಹೇಳಿರ್ತಾರೆ, ಆದ್ರೆ ಸಿಸ್ಟಮ್ ಫೋಲ್ಡರಿನ ಮಾಲೀಕತ್ವ ಬದಲಾಯಿಸಿದ್ರೆ ಮುಂದಿನ ಅಪ್‌ಡೇಟ್ ಫೇಲ್ ಆಗ್ಬಹುದು, ಒಳಗಿನ ರಕ್ಷಣೆ ಸಡಿಲ ಆಗತ್ತೆ, ಮತ್ತೆ ಮೊದಲಿನ ಹಾಗೆ ಜೋಡಿಸೋದು ಬಹಳ ತಲೆನೋವು.

ಡಾಕ್ಯುಮೆಂಟ್ಸ್ ಅಂಡ್ ಸೆಟ್ಟಿಂಗ್ಸ್ ಅಂತೂ ಫೋಲ್ಡರೇ ಅಲ್ಲ, ಐಕಾನ್ ಮೇಲೆ ಸಣ್ಣ ಬಾಣ ಇದೆ ನೋಡಿ. ವಿಂಡೋಸ್ ಎಕ್ಸ್‌ಪಿ ಕಾಲದಲ್ಲಿ ಎಲ್ಲರ ಫೈಲುಗಳು ಆ ಹೆಸರಿನ ಫೋಲ್ಡರಲ್ಲಿ ಇರ್ತಿದ್ವು, ವಿಸ್ತಾ ಬಂದಾಗ ಅದನ್ನ ಯೂಸರ್ಸ್ ಅಂತ ಬದಲಾಯಿಸಿದ್ರು, ಹಳೇ ಪ್ರೋಗ್ರಾಮ್‌ಗಳು ಹಳೇ ವಿಳಾಸಕ್ಕೆ ಬಂದ್ರೆ ಹೊಸ ಮನೆಗೆ ಕಳಿಸೋದಕ್ಕೆ ಒಂದು ಬೋರ್ಡ್ ನೆಟ್ಟಿದ್ದಾರೆ. ಬೋರ್ಡಿಗೆ ಒಳಗೆ ಹೋಗಕ್ಕೆ ಬಾಗಿಲಿಲ್ಲ, ಹಾಗಾಗಿ ಆಕ್ಸೆಸ್ ಡಿನೈಡ್.

ಇನ್ನು ನಿಮ್ಮ ನಿಜವಾದ ಕಷ್ಟ ಜಾಗದ್ದು. ಇಲ್ಲಿ ವಿಂಡೋಸ್ ಡಾಟ್ ಓಲ್ಡ್ ನಿಮ್ಮ ಸಹಾಯಕ್ಕೆ ಬರತ್ತೆ. ದೊಡ್ಡ ವರ್ಷನ್ ಅಪ್‌ಗ್ರೇಡ್ ಆದಾಗ ಹಳೇ ವಿಂಡೋಸನ್ನ ಪೂರ್ತಿ ಇದರೊಳಗೆ ಕಟ್ಟಿಡತ್ತೆ, ಹೊಸದು ಸರಿ ಬರ್ಲಿಲ್ಲ ಅಂದ್ರೆ 10 ದಿನದೊಳಗೆ ಗೋ ಬ್ಯಾಕ್ ಕೊಟ್ಟು ಹಿಂದಕ್ಕೆ ಹೋಗ್ಬಹುದು, ಆಮೇಲೆ ಸಾಮಾನ್ಯವಾಗಿ ತಾನೇ ಅಳಿಸ್ಕೊಳತ್ತೆ. ಹತ್ತಿಪ್ಪತ್ತು ಜಿಬಿ ತಿನ್ನಬಹುದು ಅಂದ್ನಲ್ಲ, ಅದು ಇದೇ. ಮಗಳಿಗೆ ಹೊಸ ವರ್ಷನಲ್ಲಿ ಏನೂ ತೊಂದ್ರೆ ಇಲ್ಲ ಅಂದ್ರೆ ತೆಗೆಯಿರಿ, ಆದ್ರೆ ತೆಗೆಯೋ ಮುಂಚೆ ಅದರೊಳಗಿನ ಯೂಸರ್ಸ್ ಫೋಲ್ಡರಲ್ಲಿ ಒಂದ್ಸಲ ಇಣುಕಿ, ಯಾರಾದ್ರೂ ವಿಂಡೋಸ್ ಮರು ಇನ್‌ಸ್ಟಾಲ್ ಮಾಡಿಕೊಟ್ಟಿದ್ರೆ ಹಳೇ ಫೋಟೋ, ಅಸೈನ್‌ಮೆಂಟ್ ಎಲ್ಲಾ ಅಲ್ಲೇ ಉಳಿದಿರಬಹುದು. ಹೀಗೆ ಕಳೆದೇ ಹೋಯ್ತು ಅಂತ ಅಳ್ತಿದ್ದ ಒಬ್ಬ ಹುಡುಗನ ಪ್ರಾಜೆಕ್ಟ್ ರಿಪೋರ್ಟ್ ನಾನು ಅಲ್ಲಿಂದಲೇ ತೆಗೆದುಕೊಟ್ಟಿದ್ದೀನಿ.

ತೆಗೆಯೋ ದಾರಿ ಇದು: ಸೆಟ್ಟಿಂಗ್ಸ್, ಸಿಸ್ಟಮ್, ಸ್ಟೋರೇಜ್, ಟೆಂಪರರಿ ಫೈಲ್ಸ್. ಅಲ್ಲಿ ಪ್ರೀವಿಯಸ್ ವಿಂಡೋಸ್ ಇನ್‌ಸ್ಟಲೇಶನ್, ಟೆಂಪರರಿ ವಿಂಡೋಸ್ ಇನ್‌ಸ್ಟಲೇಶನ್ ಫೈಲ್ಸ್, ವಿಂಡೋಸ್ ಅಪ್‌ಡೇಟ್ ಕ್ಲೀನಪ್ ಅಂತೆಲ್ಲಾ ಬರತ್ತೆ, ಟಿಕ್ ಮಾಡಿ ರಿಮೂವ್ ಕೊಡಿ, ಆ ಡಾಲರ್ ಫೋಲ್ಡರ್‌ಗಳಲ್ಲಿ ತೆಗೀಬೇಕಾದ್ದು ಇಲ್ಲೇ ಹೋಗತ್ತೆ. ಒಂದು ವಿಷಯ ಮಾತ್ರ ಜೋಪಾನ, ಅದೇ ಪಟ್ಟೀಲಿ ಡೌನ್‌ಲೋಡ್ಸ್ ಅಂತಾನೂ ಒಂದು ಸಾಲಿದೆ, ಅದಕ್ಕೆ ಟಿಕ್ ಇದ್ರೆ ಮಗಳು ಇಳಿಸ್ಕೊಂಡಿರೋ ನೋಟ್ಸು, ಹಾಲ್ ಟಿಕೆಟ್ಟು ಎಲ್ಲಾ ಒಂದೇ ಏಟಿಗೆ ಹೋಗತ್ತೆ.

ಮುಂದೆ ವಿಂಡೋಸ್ ಫೋಲ್ಡರ್ ಒಳಗೆ ಹೋಗಿ ವಿನ್‌ಎಸ್‌ಎಕ್ಸ್‌ಎಸ್ ಅನ್ನೋದರ ಸೈಜ್ ನೋಡಿ ನೀವು ಬೆಚ್ಚಿಬೀಳ್ತೀರ, ಎಲ್ಲರೂ ಬೀಳ್ತಾರೆ, ಹಾಗಾಗಿ ಈಗ್ಲೇ ಹೇಳ್ತೀನಿ. ವಿಂಡೋಸಿನ ಪ್ರತಿ ಭಾಗದ ಮೂಲ ಪ್ರತಿ ಇರೋದು ಅಲ್ಲಿ, ಸಿಸ್ಟಮ್32 ಥರದ ಕಡೆ ಕಾಣೋ ಎಷ್ಟೋ ಫೈಲುಗಳು ಅದೇ ಫೈಲಿಗೆ ಇಟ್ಟಿರೋ ಇನ್ನೊಂದು ಹೆಸರು ಅಷ್ಟೇ, ಇದಕ್ಕೆ ಹಾರ್ಡ್ ಲಿಂಕ್ ಅಂತಾರೆ. ಮನೇಲಿ ಪುಟ್ಟಿ, ಸ್ಕೂಲಲ್ಲಿ ಬೇರೆ ಹೆಸರು, ಜನಗಣತಿಗೆ ಬಂದೋರು ಇಬ್ಬರು ಮಕ್ಕಳು ಅಂತ ಬರ್ಕೊಂಡ ಹಾಗೆ ಎಕ್ಸ್‌ಪ್ಲೋರರ್ ಅದನ್ನ ಎರಡು ಸಲ ಎಣಿಸತ್ತೆ, ಅದಕ್ಕೆ ಅಷ್ಟು ದೊಡ್ಡದಾಗಿ ಕಾಣೋದು. ಇದರೊಳಗೆ ಕೈ ಹಾಕಿ ಫೈಲ್ ಅಳಿಸಿದ್ರೆ ಕಂಪ್ಯೂಟರ್ ಮೇಲೇಳದೆ ಹೋಗ್ಬಹುದು. ಹಾಗೇ ಸಿಸ್‌ವಾವ್64 ಅನ್ನೋದನ್ನ ನೋಡಿ ನಕಲಿ ಅಂತ ತಿಳ್ಕೋಬೇಡಿ, ಹೆಸರು ತಿರುಗುಮುರುಗಾಗಿದೆ ನಿಜ, 64 ಅಂತಿರೋದ್ರಲ್ಲಿ 32 ಬಿಟ್ ಪ್ರೋಗ್ರಾಮ್‌ಗಳಿಗೆ ಬೇಕಾದ ಫೈಲು, ಸಿಸ್ಟಮ್32 ಅಂತಿರೋದ್ರಲ್ಲಿ 64 ಬಿಟ್ ಫೈಲು, ಹಳೇ ಪ್ರೋಗ್ರಾಮ್‌ಗಳು ಸಿಸ್ಟಮ್32 ಅನ್ನೋ ಹೆಸರನ್ನೇ ನಂಬ್ಕೊಂಡಿದ್ವು ಅಂತ ಆ ಹೆಸರು ಬದಲಾಯಿಸ್ಲಿಲ್ಲ.

ವಿಂಡೋಸ್ ಒಳಗಿನ ಇನ್‌ಸ್ಟಾಲರ್ ಅನ್ನೋ ಹಿಡನ್ ಫೋಲ್ಡರ್ ಬಗ್ಗೆ ನನಗೆ ಬಹಳ ಬೇಜಾರಿನ ಅನುಭವ ಇದೆ. ಒಂದು ಆಡಿಟರ್ ಆಫೀಸಿನ ಕಂಪ್ಯೂಟರಲ್ಲಿ ಯಾರೋ ಬಂದವರು ಅದು ವೇಸ್ಟ್ ಅಂತ ಪೂರ್ತಿ ಖಾಲಿ ಮಾಡಿದ್ರು, ಹತ್ತು ಜಿಬಿ ಸಿಕ್ತು ಅಂತ ಎಲ್ಲರೂ ಖುಷಿ. ಒಂದು ತಿಂಗಳು ಏನೂ ಆಗ್ಲಿಲ್ಲ. ಆಮೇಲೆ ಒಂದು ಸಾಫ್ಟ್‌ವೇರ್ ಅಪ್‌ಡೇಟ್ ಮಾಡಕ್ಕೆ ಹೋದ್ರೆ ಮೂಲ ಫೈಲ್ ಎಲ್ಲಿ ಅಂತ ಕೇಳತ್ತೆ, ಅನ್‌ಇನ್‌ಸ್ಟಾಲ್ ಮಾಡಕ್ಕೆ ಹೋದ್ರೂ ಅದೇ, ರಿಪೇರಿಗೂ ಅದೇ. ಪ್ರೋಗ್ರಾಮ್‌ಗಳನ್ನ ತೆಗೆಯೋದಕ್ಕೂ ಸರಿಮಾಡೋದಕ್ಕೂ ಬೇಕಾದ ಪ್ರತಿಗಳು ಇರೋದೇ ಆ ಫೋಲ್ಡರಲ್ಲಿ. ರಿಟರ್ನ್ಸ್ ಸೀಸನ್ ಮಧ್ಯೆ ಎಲ್ಲಾ ಫಾರ್ಮ್ಯಾಟ್ ಮಾಡಿ ಮತ್ತೆ ಹಾಕಬೇಕಾಯ್ತು, ಅಲ್ಲಿ ಕೆಲಸ ಮಾಡೋ ಹೆಣ್ಮಕ್ಕಳು ಎರಡು ರಾತ್ರಿ ತಡವಾಗಿ ಮನೆಗೆ ಹೋದ್ರು. ಡಿಲೀಟ್ ಮಾಡಿದ ದಿನವೇ ಕಂಪ್ಯೂಟರ್ ನಿಂತುಹೋಗಿದ್ರೆ ಕಾರಣ ತಕ್ಷಣ ಗೊತ್ತಾಗ್ತಿತ್ತು, ತಿಂಗಳಾದ್ಮೇಲೆ ಯಾರಿಗೆ ನೆನಪಿರತ್ತೆ ಹೇಳಿ.

ಸಿ ಡ್ರೈವಿನ ಬುಡದಲ್ಲಿ ಮೂರು ಫೈಲ್ ಕೂಡ ಕಂಡಿರತ್ತೆ. ಪೇಜ್‌ಫೈಲ್ ಮತ್ತು ಸ್ವಾಪ್‌ಫೈಲ್ ರ‍್ಯಾಮ್ ಸಾಲದೆ ಹೋದಾಗ ಬಳಸೋವು, 8 ಜಿಬಿ ರ‍್ಯಾಮ್ ಇರೋ ನಿಮಗೆ ಅವು ಬೇಕೇ ಬೇಕು. ಹೈಬರ್‌ಫಿಲ್ ಅನ್ನೋದು ಹೈಬರ್ನೇಟಿಗೆ, ರ‍್ಯಾಮಿನ ಸುಮಾರು ಶೇಕಡಾ 40ರಷ್ಟು, ನಿಮ್ಮಲ್ಲಿ ಮೂರು ಜಿಬಿ ಮೇಲೆ. ಹೈಬರ್ನೇಟ್ ಬೇಡ, ಆನ್ ಆಗೋದು ಸ್ವಲ್ಪ ನಿಧಾನ ಆದ್ರೂ ಪರವಾಗಿಲ್ಲ ಅಂದ್ರೆ ಕಮಾಂಡ್ ಪ್ರಾಂಪ್ಟನ್ನ ಅಡ್ಮಿನಿಸ್ಟ್ರೇಟರ್ ಆಗಿ ತೆಗೆದು ಪವರ್‌ಸಿಎಫ್‌ಜಿ, ಸ್ಪೇಸ್, ಸ್ಲ್ಯಾಶ್ ಎಚ್, ಸ್ಪೇಸ್, ಆಫ್ ಅಂತ ಇಂಗ್ಲಿಷಲ್ಲಿ ಟೈಪ್ ಮಾಡಿ ಎಂಟರ್ ಕೊಡಿ, ಫೈಲ್ ತಾನೇ ಹೋಗತ್ತೆ. ಇನ್ನೊಂದು, 256 ಜಿಬಿ ಅಂತ ಹೇಳಿ ವಿಂಡೋಸಲ್ಲಿ 238 ಮಾತ್ರ ತೋರಿಸ್ತಿದೆ ಅಂತ ಯಾರೂ ಮೋಸ ಮಾಡಿಲ್ಲ, ಡಿಸ್ಕ್ ಮಾಡೋರು ಸಾವಿರದ ಲೆಕ್ಕದಲ್ಲಿ ಎಣಿಸ್ತಾರೆ ವಿಂಡೋಸ್ 1024ರ ಲೆಕ್ಕದಲ್ಲಿ ಎಣಿಸತ್ತೆ.

ಆದ್ರೆ ನನ್ನ ಅನುಭವದಲ್ಲಿ ಕೆಂಪು ಪಟ್ಟಿಗೆ ಕಾರಣ ಈ ವಿಚಿತ್ರ ಹೆಸರಿನವು ಆಗಿರೋದು ಕಮ್ಮಿ. ವಿಝ್‌ಟ್ರೀ ಅಥವಾ ವಿನ್‌ಡರ್‌ಸ್ಟಾಟ್ ಅಂತ ಉಚಿತ ಸಾಫ್ಟ್‌ವೇರ್ ಇವೆ, ಯಾವ ಫೋಲ್ಡರ್ ಎಷ್ಟು ಅಂತ ಚಿತ್ರದ ಹಾಗೆ ತೋರಿಸತ್ವೆ, ಅದನ್ನ ಅವರ ಸ್ವಂತ ಸೈಟಿಂದಲೇ ಇಳಿಸಿ ಓಡಿಸಿ. ಬಹುತೇಕ ಯೂಸರ್ಸ್ ಒಳಗೆ ಮಗಳ ಹೆಸರಿನ ಫೋಲ್ಡರಲ್ಲೇ ಸಿಗತ್ತೆ: ಡೌನ್‌ಲೋಡ್ಸಲ್ಲಿ ಒಂದೇ ಪಿಡಿಎಫ್ ನಾಲ್ಕು ಸಲ, ಆನ್‌ಲೈನ್ ಕ್ಲಾಸ್ ರೆಕಾರ್ಡಿಂಗು, ಆಪ್‌ಡೇಟಾ ಲೋಕಲ್ ಒಳಗೆ ಬ್ರೌಸರ್ ಕ್ಯಾಶು (ನೋಡಿದ ವೆಬ್ ಪೇಜುಗಳಿಂದ ಉಳಿಸ್ಕೊಂಡ ಫೈಲು), ವಾಟ್ಸಾಪ್ ಡೆಸ್ಕ್‌ಟಾಪ್ ತಾನಾಗೇ ಇಳಿಸ್ಕೊಂಡ ವಿಡಿಯೋಗಳು. ವಾಟ್ಸಾಪಿಂದು ವಾಟ್ಸಾಪ್ ಸೆಟ್ಟಿಂಗಲ್ಲೇ, ಬ್ರೌಸರಿಂದು ಬ್ರೌಸರಲ್ಲೇ ಖಾಲಿ ಮಾಡಿ, ಅದೇ ಇಟ್ಟೋರ ಕೈಲಿ ತೆಗೆಸೋ ಲೆಕ್ಕ. ಎಂದೋ ತೆಗೆದುಹಾಕಿದ ಒಂದು ಗೇಮಿನ ಫೋಲ್ಡರ್ ಅನಾಥವಾಗಿ ಉಳಿದಿದ್ರೆ ನೇರ ಅಳಿಸ್ದೆ ಹೆಸರಿನ ಕೊನೇಲಿ ಒಂದು ಅಕ್ಷರ ಸೇರಿಸಿ ಒಂದು ವಾರ ಬಿಡಿ, ಯಾರೂ ಕೇಳ್ಕೊಂಡು ಬರ್ಲಿಲ್ಲ ಅಂದ್ರೆ ಆಮೇಲೆ ಅಳಿಸಿ. ಈ ಉಪಾಯ ವಿಂಡೋಸ್ ಫೋಲ್ಡರ್ ಒಳಗಿನವಕ್ಕೆ ಬೇಡ.

ಭಾವನ ಅನುಮಾನ ಪೂರ್ತಿ ತಳ್ಳಿಹಾಕಲ್ಲ, ಒಂದು ಕಾಲದಲ್ಲಿ ಅದಕ್ಕೆ ಆಧಾರ ಇತ್ತು. 2008ರಲ್ಲಿ ಹರಡಿದ ಕಾನ್‌ಫಿಕರ್ ಅನ್ನೋ ವರ್ಮ್, ಅಂದ್ರೆ ತಾನಾಗೇ ಹರಡೋ ವೈರಸ್, ಪೆನ್‌ಡ್ರೈವಲ್ಲಿ ರಿಸೈಕ್ಲರ್ ಅಂತ ಫೋಲ್ಡರ್ ಮಾಡ್ಕೊಂಡು ಅದರೊಳಗೆ ಕೂತಿರ್ತಿತ್ತು, ನಮ್ಮ ಝೆರಾಕ್ಸ್ ಅಂಗಡಿ, ಸೈಬರ್ ಸೆಂಟರಿಗೆ ಪೆನ್‌ಡ್ರೈವ್ ಕೊಟ್ಟು ವೈರಸ್ ತಂದ್ಕೊಂಡ ನೆನಪು ಎಲ್ಲರಿಗೂ ಇದೆ. ಇವತ್ತೂ ಪೆನ್‌ಡ್ರೈವಲ್ಲಿ ನಿಮ್ಮ ಫೋಲ್ಡರೆಲ್ಲಾ ಶಾರ್ಟ್‌ಕಟ್ ಆಗಿ ಕಂಡ್ರೆ, ಅಥವಾ ಫೋಲ್ಡರ್ ಚಿತ್ರ ಇದ್ದು ಕೊನೇಲಿ ಡಾಟ್ ಇಎಕ್ಸ್‌ಇ ಅಂತಿದ್ರೆ (ಅದು ಫೋಲ್ಡರಲ್ಲ, ಪ್ರೋಗ್ರಾಮ್) ಕ್ಲಿಕ್ ಮಾಡ್ಬೇಡಿ, ಅದು ಗೊತ್ತಾಗೋಕೆ ಫೈಲ್ ನೇಮ್ ಎಕ್ಸ್‌ಟೆನ್ಶನ್ಸ್ ಅನ್ನೋದನ್ನ ಸದಾ ಆನ್ ಇಟ್ಕೊಳ್ಳಿ. ಕಂಪ್ಯೂಟರ್ ಒಳಗೆ ಆದ್ರೆ ಹೆಸರಿಗಿಂತ ಜಾಗ ನೋಡಿ: ಎಸ್‌ವಿಸಿಹೋಸ್ಟ್ ಅನ್ನೋ ವಿಂಡೋಸ್ ಪ್ರೋಗ್ರಾಮ್ ಸಿಸ್ಟಮ್32 ಒಳಗಿದ್ರೆ ಸರಿ, ಅದೇ ಹೆಸರು ಆಪ್‌ಡೇಟಾದಲ್ಲೋ ಟೆಂಪ್ ಅನ್ನೋ ಫೋಲ್ಡರಲ್ಲೋ ಇದ್ರೆ ಅನುಮಾನ ಪಡಿ. ಟಾಸ್ಕ್ ಮ್ಯಾನೇಜರಲ್ಲಿ ರೈಟ್ ಕ್ಲಿಕ್ ಮಾಡಿ ಓಪನ್ ಫೈಲ್ ಲೊಕೇಶನ್ ಕೊಟ್ರೆ ಎಲ್ಲಿದೆ ಅಂತ ತೋರ್ಸತ್ತೆ. ಅನುಮಾನ ಬಂದ್ರೂ ಕೈಯಿಂದ ಅಳಿಸ್ಬೇಡಿ, ವಿಂಡೋಸ್ ಸೆಕ್ಯೂರಿಟಿಯ ಸ್ಕ್ಯಾನ್ ಆಪ್ಷನ್ಸಲ್ಲಿ ಡಿಫೆಂಡರ್ ಆಫ್‌ಲೈನ್ ಸ್ಕ್ಯಾನ್ ಇದೆ, ಅದು ಕಂಪ್ಯೂಟರ್ ರೀಸ್ಟಾರ್ಟ್ ಮಾಡಿ ವಿಂಡೋಸ್ ಏಳೋ ಮುಂಚೆನೇ ಹುಡುಕತ್ತೆ.

ಗೊತ್ತಿಲ್ಲದ ಹೆಸರು ಕಂಡ್ರೆ ಅಳಿಸು ಅನ್ನೋ ಸಲಹೆ ಹೊಸದೇನಲ್ಲ. 2001ರಲ್ಲಿ ಸಲ್ಫ್‌ಎನ್‌ಬಿಕೆ ಅನ್ನೋ ಫೈಲ್ ವೈರಸ್ ಅಂತ ಇಮೇಲ್ ಹರಿದಾಡಿತ್ತು, 2002ರಲ್ಲಿ ಟೆಡ್ಡಿ ಬೇರ್ ಚಿತ್ರದ ಜೆಡಿಬಿಜಿಎಮ್‌ಜಿಆರ್ ಅನ್ನೋದರ ಬಗ್ಗೆ. ಎರಡೂ ವಿಂಡೋಸಿನದೇ ಫೈಲ್, ಒಂದು ಉದ್ದ ಫೈಲ್ ಹೆಸರುಗಳನ್ನ ಕಾಪಾಡೋದು ಇನ್ನೊಂದು ಜಾವಾಗೆ ಸಂಬಂಧಪಟ್ಟಿದ್ದು, ಜನ ಸ್ನೇಹಿತರಿಗೆ ಒಳ್ಳೇದಾಗ್ಲಿ ಅಂತ ಮೇಲ್ ಫಾರ್ವರ್ಡ್ ಮಾಡಿ ತಮ್ಮ ಕೈಯಾರೆ ಅಳಿಸಿದ್ರು. ಈಗ ಅದೇ ಸಲಹೆ ವಿಡಿಯೋ ಆಗಿ, ವಾಟ್ಸಾಪ್ ಫಾರ್ವರ್ಡ್ ಆಗಿ ಬರ್ತಿದೆ.

ಕೆಲಸ ಶುರು ಮಾಡೋ ಮುಂಚೆ ಎರಡು ಕೆಲಸ ಮಾಡ್ಕೊಳ್ಳಿ. ಮಗಳ ಫೈಲುಗಳ ಒಂದು ಪ್ರತಿ ಬೇರೆ ಡಿಸ್ಕಿಗೆ ಹಾಕಿ. ಆಮೇಲೆ ಸೆಟ್ಟಿಂಗ್ಸಲ್ಲಿ ಡಿವೈಸ್ ಎನ್‌ಕ್ರಿಪ್ಶನ್ (ಡಿಸ್ಕಿಗೆ ಬೀಗ ಹಾಕೋ ವ್ಯವಸ್ಥೆ) ಆನ್ ಇದೆಯಾ ನೋಡಿ, ಇತ್ತೀಚಿನ ವಿಂಡೋಸ್ 11 ಲ್ಯಾಪ್‌ಟಾಪ್‌ಗಳಲ್ಲಿ ಎಷ್ಟೋ ಸಲ ಅದು ಮೊದಲೇ ಆನ್ ಆಗಿರತ್ತೆ, ಇದ್ರೆ ಮೈಕ್ರೋಸಾಫ್ಟ್ ಅಕೌಂಟಿಗೆ ಲಾಗಿನ್ ಆಗಿ 48 ಅಂಕಿಯ ಬಿಟ್‌ಲಾಕರ್ ರಿಕವರಿ ಕೀ, ಅಂದ್ರೆ ಆ ಬೀಗ ತೆಗೆಯೋ ನಂಬರ್, ಒಂದು ಹಾಳೇಲಿ ಬರೆದಿಡಿ, ಏನಾದ್ರೂ ಎಡವಟ್ಟಾಗಿ ರಿಪೇರಿ ಸ್ಕ್ರೀನ್ ಬಂದ್ರೆ ಅದು ಕೇಳೋದು ಆ ನಂಬರನ್ನ, ಅದಿಲ್ಲ ಅಂದ್ರೆ ಒಳಗಿನ ಫೈಲ್ ಯಾರಿಗೂ ತೆಗೆಯಕ್ಕಾಗಲ್ಲ. ಇಷ್ಟಾದ್ಮೇಲೆ ಸ್ಟೋರೇಜ್ ಕ್ಲೀನ್ ಮಾಡಿ, ಒಂದ್ಸಲ ರೀಸ್ಟಾರ್ಟ್ ಮಾಡಿ, ಮತ್ತೆ ಫೋಲ್ಡರ್ ಆಪ್ಷನ್ಸಿಗೆ ಹೋಗಿ ಆ ಪ್ರೊಟೆಕ್ಟೆಡ್ ಫೈಲ್ಸ್ ಟಿಕ್ಕನ್ನ ವಾಪಸ್ ಹಾಕ್ಬಿಡಿ. ವಿಂಡೋಸ್ ಡಾಟ್ ಓಲ್ಡ್ ಹೋಗಿಯೂ ಕೆಂಪು ಹಾಗೇ ಇದ್ರೆ ವಿಝ್‌ಟ್ರೀ ತೋರ್ಸಿದ ಮೊದಲ ಹತ್ತು ಸಾಲಿನ ಫೋಟೋ ಕಳ್ಸಿ, ನೋಡಿ ಹೇಳ್ತೀನಿ.